ಒಂದೇ ಹಿಮ್ಮಡಿಯ ಎತ್ತರ

"ನನ್ನನ್ನೇನು ಪ್ಯಾಂಟ್ ಅಂದ್ಕೊಂಡ್ರಾ, ಟೈಲರೇ?"

ಬಟ್ಟೆ ಅಂಗಡಿಯ ಮೂರನೇ ಕೌಂಟರಿನ ಹುಡುಗಿ ಎಡಗಾಲಿನ ಶೂ ಬಿಚ್ಚಿ ಅವನ ಹೊಲಿಗೆ ಮೇಜಿನ ಮೇಲೆಯೇ ಇಟ್ಟಳು. ಊಟದ ಬಿಡುವಿನಲ್ಲಿ ಅವಳು ಶೂ ಕಳಚಿಟ್ಟಿದ್ದಾಗ ಯಾರೋ ಅದರ ಹಿಮ್ಮಡಿಗೆ ದಪ್ಪ ಬಟ್ಟೆಯ ಮೂರು ಪದರ ಹೊಲಿದು ಕೂರಿಸಿದ್ದರು. ಹೊಲಿಗೆ ಎಷ್ಟು ಅಚ್ಚುಕಟ್ಟಾಗಿತ್ತೆಂದರೆ ಕಳ್ಳ ಯಾರೆಂದು ವಿಚಾರಿಸುವ ಅಗತ್ಯವೇ ಇರಲಿಲ್ಲ.

"ಹಿಮ್ಮಡಿಗೆ ಎತ್ತರ ಬೇಕಂತ ಕೇಳಿಸ್ತು. ಎಡಮಂಡಿ ತಾನೇ ನೋಯೋದು?" ಎಂದ ಟೈಲರ್, ತಲೆಯೆತ್ತದೆ.

"ಒಂದೇ ಕಾಲು ಎತ್ತರ ಮಾಡಿದ್ರೆ ಕುಂಟಲ್ವಾ? ಅಷ್ಟೂ ಬುದ್ಧಿ ಬೇಡ್ವಾ?"

ಅವನ ಕಿವಿ ಕೆಂಪಾಯಿತು. ಹದಿನೈದು ವರ್ಷದಿಂದ ಪ್ಯಾಂಟಿನ ಅಂಚು ಸರಿಮಾಡುವ ಕೈ. ಯಾವ ಕಡೆ ದೋಷವೋ ಆ ಕಡೆಯಷ್ಟೇ ಎತ್ತಿ ಅಭ್ಯಾಸ.

ಮಂಡಿಚಿಪ್ಪಿನ ಕೆಳಗೆ ಎಲ್ಲರಿಗೂ ಒಂದು ಕೊಬ್ಬಿನ ಮೆತ್ತೆ ಇರುತ್ತದಂತೆ. ಮಂಡಿಯನ್ನು ಹಿಂದಕ್ಕೆ ಒತ್ತಿ ಬಿಗಿಯಾಗಿ ನಿಂತರೆ ಅದು ಮೂಳೆಗಳ ನಡುವೆ ಸಿಕ್ಕಿ ಊದಿಕೊಳ್ಳುತ್ತದೆ. ಡಾಕ್ಟರಮ್ಮ ಅವಳಿಗೆ ಚೀಟಿಯಲ್ಲಿ ಬರೆದುಕೊಟ್ಟದ್ದು ಇಷ್ಟೇ: ಮಂಡಿ ಸಡಿಲ ಬಿಡು, ಎರಡೂ ಹಿಮ್ಮಡಿಗೆ ತುಸು ಎತ್ತರ ಕೊಡು, ಗಂಟೆಗೊಮ್ಮೆ ಕೂರು.

ಹಿಂದಿನ ದಿನ ಆ ಚೀಟಿ ಓದಿ ಮ್ಯಾನೇಜರ್ ನಕ್ಕಿದ್ದ. "ಮಂಡಿಯೊಳಗೂ ಕೊಬ್ಬಾ? ಚೆನ್ನಾಗಿದೆ ನಾಟಕ!" ಕೌಂಟರುಗಳಿಂದ ಕುರ್ಚಿ ತೆಗೆಸಿದವನೇ ಆತ, ತಾನು ಮಾತ್ರ ತಿರುಗುವ ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ಮೀಸೆ ನೋಡಿಕೊಳ್ಳುವನು. "ನನ್ನ ಮದುವೆಯಾಗು, ಜೀವನಪೂರ್ತಿ ಕೂತಿರು. ನಾಳೆ ಸಂಜೆಯೊಳಗೆ ಹೇಳು," ಎಂದಿದ್ದ, ರಿಯಾಯಿತಿ ಸಾರುವ ದನಿಯಲ್ಲಿ. ಇಲ್ಲವೆಂದರೆ ಕೆಲಸ ಉಳಿಯದು. ಅವಳ ಅಮ್ಮನಂತೂ ಆಗಲೇ ಅವನನ್ನು ಅಳಿಯನೆಂದೇ ಮಾತಾಡತೊಡಗಿದ್ದಳು.

"ಎಡಗಾಲು ಅಂತ ಯಾರು ಹೇಳಿದ್ರು ನಿಮಗೆ?"

"ಗಿರಾಕಿಗಳ ಅಂಚಿಗೆ ಗುರುತು ಹಾಕೋಕೆ ನೆಲದ ಮೇಲೆ ಕೂರ್ತೀನಲ್ಲ, ಅಲ್ಲಿಂದ ಕಾಲುಗಳೇ ಕಾಣೋದು. ಬಿಲ್ ಬರೆಯುವಾಗ ನೀವು ಬಲಗಾಲಿಗೇ ಭಾರ ಹಾಕ್ತೀರ."

"ಎಷ್ಟು ದಿನದಿಂದ ನೋಡ್ತಿದ್ದೀರಿ?"

"ಏಳು ತಿಂಗಳು."

"ಏಳು ತಿಂಗಳು ನೋಡಿ ಕಲ್ತಿದ್ದು ಅರ್ಧ!" ಎಂದು ಅವಳು ಮುಖ ಸೊಟ್ಟ ಮಾಡಿದಳು. ತುಟಿಯ ಒಂದು ತುದಿ ಮಾತ್ರ ಅವಳ ಮಾತು ಕೇಳದೆ ನಕ್ಕಿತು.

"ನಿಮ್ಮ ಮ್ಯಾನೇಜರು ಆ ಅರ್ಧಾನೂ ಕಲ್ತಿಲ್ಲ," ಎಂದು ಅವನೂ ಗೊಣಗಿದ. "ಹೋಗಿ, ಹೂಂ ಅನ್ನಿ ಅವರಿಗೆ."

"ಹೇಳ್ತೀನಿ. ನಿಮಗ್ಯಾಕೆ ಉರಿ?"

ಸಂಜೆ ಮ್ಯಾನೇಜರ್ ಸುಗಂಧ ಬಳಿದುಕೊಂಡು ಬಂದ. "ಏನು ತೀರ್ಮಾನ?"

ಅವಳು ಗಿರಾಕಿಗಳಿಗೆಂದು ಇಟ್ಟಿದ್ದ ಮಖಮಲ್ಲಿನ ಕುರ್ಚಿಯಲ್ಲಿ, ಅಂಗಡಿಯ ನಟ್ಟನಡುವೆ, ಕೂತುಬಿಟ್ಟಳು.

"ಏಯ್, ಏಳು ಮೇಲೆ!"

"ಇದೇ ನನ್ನ ಉತ್ತರ, ಸರ್. ನೋವು ಅಂದ್ರೆ ನಾಟಕ ಅನ್ನೋರ ಜೊತೆ ಸಂಸಾರ ನನ್ನಿಂದಾಗಲ್ಲ."

"ನಾಳೆಯಿಂದ ಬರ್ಬೇಡ!"

"ಬರೋ ಆಸೆ ಯಾರಿಗಿದೆ?"

ಮ್ಯಾನೇಜರ್ ತನ್ನ ಕೋಣೆಗೆ ಹೋಗಿ ಬಾಗಿಲು ಧಡ್ಡೆಂದು ಮುಚ್ಚಿಕೊಂಡ. ಟೈಲರ್ ಬಾಯಿತುಂಬ ಗುಂಡುಸೂಜಿ ಕಚ್ಚಿಕೊಂಡು ಅಲ್ಲೇ ನಿಂತಿದ್ದ.

"ನೀವೇನು ನೋಡ್ತೀರಿ? ಕೆಲಸ ಹೋಯ್ತು, ವರನೂ ಹೋದ. ಒಂದು ಮಾತಾಡೋಕೂ ಬರಲ್ವಾ?"

ಅವನು ಸೂಜಿಗಳನ್ನು ಒಂದೊಂದಾಗಿ ತೆಗೆದು ಅಂಗಿಯ ತೋಳಿಗೆ ಚುಚ್ಚಿಕೊಂಡ. ಆರು ಸೂಜಿ. ಅವಳು ಆರೂ ಮುಗಿಯುವವರೆಗೆ ಕಾದಳು.

"ನಾನು ಅರೆಬುದ್ಧಿಯವನು," ಎಂದ.

"ಅದು ಗೊತ್ತಿರೋದೇ. ಮುಂದೆ?"

"ನನ್ನ ಮದುವೆ ಆಗ್ತೀರಾ?"

"ಮೊದಲು ಎಬ್ಬಿಸಿ," ಎಂದು ಅವಳು ಕೈ ಚಾಚಿದಳು.

ಎದ್ದು ನಿಂತ ಮೇಲೂ ಅವಳು ಅವನ ಕೈ ಬಿಡಲಿಲ್ಲ.