ಹನ್ನಿಬಾಲ್‌ನ ಕಣ್ಣು

"ನಿನ್ನೆ ಬೆಳಿಗ್ಗೆವರೆಗೂ ಸಾಸೇಜ್ ನೋಡ್ತಿದ್ದ. ಇವತ್ತು ಬಾಗಿಲು ನೋಡ್ತಿದಾನೆ," ಅಂದಳು ಕ್ರೆಸೆಂಜ್, ಗೋಡೆಯ ಚಿತ್ರದಲ್ಲಿನ ನಾಯಿ ತೋರಿಸಿ.

ಕೊರ್ಬಿನಿಯನ್‌ಗೆ ಮೈ ಉರಿಯಿತು. ಮಧ್ಯಾಹ್ನ ನ್ಯೂರೆಂಬರ್ಗ್ ರೈಲು. ಅಲ್ಲಿ ಚಿತ್ರಗಳಿಗೆ ಚೌಕಟ್ಟು ಕಟ್ಟುವ ಕೆಲಸ ಸಿಕ್ಕಿದೆ, ಎರಡು ಕೋಣೆ ಸಿಕ್ಕಿವೆ. ಮ್ಯೂನಿಕ್ಕಿನ ಈ ಮೂರನೇ ಮಹಡಿಯಿಂದ ಇವಳು ಇವತ್ತು ಹೊರಟರೆ ಹೊರಟಳು, ಇಲ್ಲವೆಂದರೆ ಎಂದೂ ಇಲ್ಲ. ನೋಡಿದರೆ ಚಿತ್ರದ ಮುಂದೆ ನಡುಗುತ್ತ ನಿಂತಿದ್ದಾಳೆ!

"ಸತ್ತ ನಾಯಿ ಕಣೇ ಅದು. ಅದೂ ಬಣ್ಣದಲ್ಲಿ ಬರೆದದ್ದು."

ಆ ಚಿತ್ರ ನೋಡಿ ನಗದವರೇ ಇರಲಿಲ್ಲ. ಅವಳ ಅಪ್ಪ, ಚಿತ್ರಕಾರ ಲಿಯೊನ್‌ಹಾರ್ಡ್, ಕರುವಿನಷ್ಟೆತ್ತರದ ತನ್ನ ನಾಯಿ ಹನ್ನಿಬಾಲ್‌ಗೆ ತನ್ನದೇ ವೆಲ್ವೆಟ್ ಟೋಪಿ ಹಾಕಿ, ತಟ್ಟೆ ತುಂಬ ಬಿಳಿ ಸಾಸೇಜಿನ ಮುಂದೆ ಕೂರಿಸಿ ಬರೆದದ್ದು. ಮುಖದಲ್ಲಿ ಪಾದ್ರಿಯ ಸಂಯಮ, ತುಟಿಯಂಚಿನಲ್ಲಿ ಒಂದೆಳೆ ಜೊಲ್ಲು. ಫೆಬ್ರವರಿಯಲ್ಲಿ ಅಪ್ಪ ಹೋದ. ಹದಿನೈದೇ ದಿನಕ್ಕೆ ನಾಯಿ. ಆಮೇಲೆ ಆ ಮನೆಯಲ್ಲಿ ಯಾರೂ ನಗಲಿಲ್ಲ.

"ನಾನು ಹೊಸಿಲು ದಾಟಬಾರದು ಅಂತ ಅಪ್ಪ ಕಾವಲು ಬಿಟ್ಟಿದಾನೆ. ಚೌಕಟ್ಟಿನವನಿಗೆ ಮಗಳನ್ನ ಕೊಡಲ್ಲ ಅಂದಿದ್ದ, ಮರೆತ್ಯಾ?"

"ಮರೆಯೋದಾ? ನನ್ನ ಮುಖಕ್ಕೇ ಉಗಿದಂಗೆ ಅಂದಿದ್ದ!"

ಅವನು ಸಿಟ್ಟಿನಿಂದ ಚಿತ್ರ ಕಿತ್ತು ಕಿಟಕಿಯ ಬೆಳಕಿಗೆ ಹಿಡಿದ. ನಿಜ. ನಾಯಿ ತಟ್ಟೆ ನೋಡುತ್ತಿರಲಿಲ್ಲ.

"ಇದನ್ನ ಯಾವುದರಲ್ಲಿ ಒರೆಸ್ತೀಯ?"

"ಶನಿವಾರ ಶನಿವಾರ ಆಲೂಗಡ್ಡೆ ಹೆಚ್ಚಿ ಉಜ್ತೀನಿ. ನಿನ್ನೇನೂ ಉಜ್ಜಿದೆ. ಎಲ್ಲರ ಮನೇಲೂ ಹಾಗೇ ತಾನೆ?"

"ಅಯ್ಯೋ ನನ್ನ ಹುಚ್ಚಿ! ನಿಮ್ಮಪ್ಪ ಬಣ್ಣ ಒಣಗೋ ತನಕ ಕಾಯೋ ಜಾತಿಯಲ್ಲ. ಒಂದು ಕಣ್ಣು ಬರೆದು, ಅದರ ಮೇಲೆ ತೆಳ್ಳಗೆ ಇನ್ನೊಂದು ಬರೆದಿದಾನೆ. ಮೇಲಿಂದು ಸರಿಯಾಗಿ ಅಂಟದೆ ನಿನ್ನ ಆಲೂಗಡ್ಡೆ ಪಾಲಾಯ್ತು. ಇದು ಕೆಳಗಿಂದು."

ಅವಳು ಬಗ್ಗಿದಳು. ಅವನೂ ಬಗ್ಗಿದ. ಕೆನ್ನೆಗೆ ಕೆನ್ನೆ ತಾಗಿತು. ಅವಳು ಓರೆಗಣ್ಣಲ್ಲಿ ನೋಡಿದಳೇ ಹೊರತು ಸರಿಯಲಿಲ್ಲ. ನಾಯಿಯ ಕಪ್ಪು ಪಾಪೆಯೊಳಗೆ ಸಾಸಿವೆಯಷ್ಟು ಬೆಳಕು. ಬೆಳಕಲ್ಲೊಂದು ಬಾಗಿಲು. ಬಾಗಿಲಲ್ಲಿ ಬಿಳಿ ಏಪ್ರನ್, ಅದಕ್ಕೆ ಒತ್ತಿಕೊಂಡು ಒಂದು ನೀಲಿ ಅಂಗಿ.

"ಇದು... ನಾನು," ಅಂದಳು.

"ತಬ್ಬಿಕೊಂಡಿರೋನು ನಾನು."

"ಅಪ್ಪ ನೋಡಿಬಿಟ್ಟಿದ್ದ!" ಅವಳ ದನಿ ಒಡೆಯಿತು. "ಸಿಟ್ಟಿಗೆ ಮುಚ್ಚಿದಾನೆ."

"ಸಿಟ್ಟಾ? ಒಂದೇ ಕೂದಲಿನ ಕುಂಚದಲ್ಲಿ ಬರೆದದ್ದು ಇದು. ದುಡ್ಡು ಕೊಟ್ಟೋರ ಮುಖಕ್ಕೂ ಒಂದು ಗಂಟೆ ಕೂರದ ಮುದುಕ, ನಮಗೋಸ್ಕರ ಅರ್ಧ ದಿನ ಕೂತಿದಾನೆ ಕಣೇ."

ವರ್ಷದಿಂದ ಆ ಮುದುಕನ ಮೇಲೆ ಹಲ್ಲು ಕಡಿದಿದ್ದ. ಈಗ ಬೈಯಲು ಯಾರೂ ಇರಲಿಲ್ಲ.

"ನೀನು ಬೇಕು ನನಗೆ," ಅಂದ, ಜಗಳಕ್ಕೆ ನಿಂತವನ ಹಾಗೆ. "ಇಷ್ಟೇ. ಬರ್ತೀಯೋ ಇಲ್ವೋ?"

"ಹೀಗೆ ಕಿರುಚಿ ಕೇಳಿದ್ರೆ ಯಾರು ಬರ್ತಾರೆ?" ಅನ್ನುತ್ತಲೇ ಅವಳು ಶಾಲು ಹೊದ್ದಳು.

ಎರಡನೇ ಮಹಡಿ ಇಳಿಯುವಾಗ ಹಿಂದೆ ಮರದ ಮೆಟ್ಟಿಲ ಮೇಲೆ ಸದ್ದು. ಟಕ್, ಟಕ್. ಭಾರವಾದ ಮೈಯ, ಬೆಳೆದ ಉಗುರುಗಳ ಸದ್ದು. ಅವಳ ಬೆರಳು ಅವನ ಅಂಗೈಗೆ ನಾಟಿತು.

"ಕೇಳಿಸ್ತಾ?"

"ಹ್ಞೂಂ. ತಿರುಗಬೇಡ."

ಬೀದಿಬಾಗಿಲು ತೆರೆದು ಹಿಡಿದ. ಅವಳು ದಾಟಿದಳು. ಕೊರ್ಬಿನಿಯನ್ ಬಾಗಿಲು ಬಿಡಲಿಲ್ಲ. ತಣ್ಣನೆಯದೇನೋ ಅವನ ತೊಡೆ ಸವರಿಕೊಂಡು ಹೊರಗೆ ಹೋಗುವವರೆಗೂ ಹಿಡಿದೇ ನಿಂತ.