ಸೌಂದರ್ಯಳ ಪಾಯಿಂಟ್ ಟೂ ಟೂ

ನಾನು ಫರ್ಹಾ, ತುರುವೇಕೆರೆಯ ಟೈಲರ್ ವಹಾಬ್ ಅವರ ಮಗಳು. ಇದು ಹೋದ ವರ್ಷ ನನಗೇ ಆದದ್ದು. ರಾಜ್ಯ ಶೂಟಿಂಗ್ ತಂಡದ ಆಯ್ಕೆಗೆ ಅದು ನನ್ನ ಕೊನೆಯ ಅವಕಾಶ. ಲೈಸೆನ್ಸ್ ಸಿಕ್ಕಿತ್ತು, ರೈಫಲ್ ಇರಲಿಲ್ಲ. ಹೊಸದು ಕೊಳ್ಳುವುದು ನಮ್ಮಿಂದಾಗದ ಮಾತು. ದಬ್ಬೇಘಟ್ಟದ ಸಿದ್ದಗಂಗಮ್ಮನವರು, ಶೂಟರ್ ಆಗಿದ್ದು ತೀರಿಹೋದ ತಮ್ಮ ಮಗಳು ಸೌಂದರ್ಯಳ ಪಾಯಿಂಟ್ ಟೂ ಟೂ ರೈಫಲನ್ನು ಅಗ್ಗಕ್ಕೆ ಮಾರುತ್ತಾರೆಂದು ಕೇಳಿ, ಅಬ್ಬಾನ ಜೊತೆ ಹೋದೆ.

ಮಟಮಟ ಮಧ್ಯಾಹ್ನ. ಕೊಬ್ಬರಿ ಅಟ್ಟದ ಕೆಳಗೆ ನಿಂತು, ಖಾಲಿ ರೈಫಲಿನ ಮರದ ಹಿಡಿಗೆ ಕೆನ್ನೆ ಕೊಟ್ಟೆ. ಯಾರೋ ಈಗಷ್ಟೇ ಕೆನ್ನೆ ತೆಗೆದಂತೆ ಮರ ಬೆಚ್ಚಗಿತ್ತು, ಸ್ವಲ್ಪ ಒದ್ದೆ. ಗುರಿ ಹಿಡಿಯಲು ಉಸಿರು ಕಟ್ಟಿದೆ. ಕಿವಿಯ ಪಕ್ಕ ಇನ್ನೊಂದು ಉಸಿರು ನಿಧಾನವಾಗಿ ಆಡುತ್ತಲೇ ಇತ್ತು. ರೈಫಲ್ ಕೆಳಗಿಳಿಸಿದೆ, ನಿಂತಿತು.

“ನಿಂಗೂ ಕೇಳುಸ್ತಾ?” ಅಂದರು ಸಿದ್ದಗಂಗಮ್ಮ. “ನೋಡಕ್ಕೆ ಬಂದೋರೆಲ್ಲ ಉಸಿರು ಕೇಳುಸ್ತದೆ ಅಂತ ಬುಟ್ಟೋದ್ರು. ಹೆತ್ತೋಳು ನಂಗೊಬ್ಳಿಗೇ ಕೇಳ್ಸಲ್ಲ ಕಣವ್ವ.”

“ಬ್ಯಾಡ ಬುಡು ಮಗಾ, ಹೋಗಾನ,” ಎಂದು ಅಬ್ಬಾ ಕೈ ಹಿಡಿದೆಳೆದರು.

ನನಗೆ ಬೇರೆ ದಾರಿಯಿರಲಿಲ್ಲ. “ಇದೇ ಬೇಕು” ಅಂದೆ. ಕಾಗದಪತ್ರ ಮುಗಿದು ರೈಫಲ್ ಕೈಗೆ ಬಂದ ಮೇಲೆ, ದಿನವೂ ಆ ಉಸಿರು ಕೇಳುತ್ತಲೇ ಅಭ್ಯಾಸ ಮಾಡಿದೆ.

ಆಯ್ಕೆಯ ದಿನ ಕೊನೆಯ ಗುರಿಹಾಳೆಗೆ ಹತ್ತು ಗುಂಡು ಹೊಡೆಯಬೇಕಿತ್ತು. ಒಂಬತ್ತು ಹೊಡೆದು, ಹತ್ತನೆಯದನ್ನು ತುಂಬುವಷ್ಟರಲ್ಲಿ ಸಮಯ ಮುಗಿಯಿತೆಂದು ಸೀಟಿ ಊದಿದರು. ಎಲ್ಲ ಹೋಯ್ತು ಅಂತ ಅಲ್ಲೇ ಕುಸಿದು ಅತ್ತೆ. ಆಮೇಲೆ ಹಾಳೆ ತಂದರು. ಅದರಲ್ಲಿ ಹತ್ತು ತೂತು, ಒಂದಂತೂ ನಟ್ಟನಡುವೆ. ಆ ಒಂದರಿಂದಲೇ ನಾನು ಆಯ್ಕೆಯಾದೆ. ಹೊಡೆಯದ ಗುಂಡು ಇನ್ನೂ ನನ್ನ ಅಂಗೈಯಲ್ಲೇ ಇತ್ತು.