ಮೂರು ವೃತ್ತಗಳು ಕೂಡಿದ ಜಾಗ

"ನಿಮಗೆ ಮೇಷ್ಟ್ರ ಕೆಲಸ ಯಾರ್ರೀ ಕೊಟ್ಟಿದ್ದು?"

ಇಡೀ ಶಾಲೆ ಮೈದಾನದಲ್ಲಿ ಸಾಲಾಗಿ ನಿಂತಿತ್ತು. ಕೈ ತೊಳೆಯುವ ನಲ್ಲಿಗಳ ಪಕ್ಕ ನಿಂತು, ಎಲ್ಲರಿಗೂ ಕೇಳುವ ಹಾಗೆ, ವಿಜ್ಞಾನದ ಟೀಚರ್ ಕೂಗಾಡುತ್ತಿದ್ದಳು.

ಅವಳೆದುರು ಬರಿಗಾಲಲ್ಲಿ, ಎರಡು ಡ್ರಮ್ ಕೋಲು ಹಿಡಿದು ನಿಂತಿದ್ದವನು ಹೊಸದಾಗಿ ಸೇರಿದ್ದ ಸಂಗೀತದ ಮೇಷ್ಟ್ರು.

ಆಗಿದ್ದಿಷ್ಟು. ಆ ತಿಂಗಳು ಅಲ್ಲಿ ಎಲ್ಲ ವಿಷಯಗಳಲ್ಲೂ ಭೂಕಂಪ, ಜ್ವಾಲಾಮುಖಿಯದೇ ಪಾಠ. ಗಣಿತದಲ್ಲಿ ವೃತ್ತ, ಭೂಗೋಳದಲ್ಲಿ ನಕ್ಷೆ, ಭಾಷೆಯ ಪಿರಿಯಡ್‌ನಲ್ಲಿ 'ನಾನೊಂದು ಬೆಂಕಿ ಬೆಟ್ಟ' ಎಂಬ ಪ್ರಬಂಧ. ಯೋಚನೆ ಇವಳದೇ. ಹೆಡ್‌ಮೇಡಂ ಹಿಂದೆ ಬಿದ್ದು, ಕಾಡಿ ಬೇಡಿ ಒಪ್ಪಿಸಿದ್ದಳು.

ಇವಳ ತರಗತಿಯ ಮಕ್ಕಳು ಕಲ್ಲು ತುಂಬಿದ ಡಬ್ಬಿಯನ್ನು ದಾರದಲ್ಲಿ ತೂಗುಬಿಟ್ಟು, ಅದರ ಬುಡಕ್ಕೆ ಪೆನ್ನು ಕಟ್ಟಿ, ಕೆಳಗೆ ಕಾಗದ ಎಳೆಯುತ್ತಾ ಕಂಪನ ಅಳೆಯುವ ಯಂತ್ರ ಮಾಡಿದ್ದರು. ದಿನವೂ ನೆಟ್ಟಗೆ ಗೆರೆ ಎಳೆಯುತ್ತಿದ್ದ ಪೆನ್ನು ಅವತ್ತು ಇದ್ದಕ್ಕಿದ್ದಂತೆ ಎಡಕ್ಕೂ ಬಲಕ್ಕೂ ಹೊಯ್ದಾಡಿತು. ಟೀಚರ್ ಹಿಂದೆ ಮುಂದೆ ನೋಡಲಿಲ್ಲ. ಮಕ್ಕಳನ್ನು ಬೆಂಚಿನ ಕೆಳಗೆ ಕೂರಿಸಿ, ಅಲುಗಾಟ ನಿಂತೊಡನೆ ಉದ್ದ ಗಂಟೆ ಬಾರಿಸಿ, ಇಡೀ ಶಾಲೆಯನ್ನೇ ಹೊರಗೆ ತಂದಳು.

ಉಳಿದವರೆಲ್ಲ ಹೊರಗೆ ಬಂದ ಮೇಲೆ ಮೇಲಿನ ಮಹಡಿಯಿಂದ ಧಬಧಬ ಸದ್ದು ಕೇಳಿಸಿತು. ಅಲ್ಲಿ ಸಂಗೀತದ ತರಗತಿ ಒಟ್ಟಾಗಿ ನೆಲಕ್ಕೆ ಕಾಲು ಬಡಿಯುತ್ತಿತ್ತು.

"ಎಲ್ಲ ವಿಷಯದಲ್ಲೂ ಭೂಕಂಪದ ಪಾಠ ಮಾಡಿ ಅಂತ ನೀವೇ ಹೇಳಿದ್ರಲ್ಲ ಟೀಚರ್," ಎಂದ ಮೇಷ್ಟ್ರು ಮೆಲ್ಲಗೆ. "ಮಾಡ್ತಿದ್ದೆ."

"ಕುಣಿಸ್ಕೊಂಡಾ?"

"ತಾಳ ಹಾಕ್ಕೊಂಡು. ಮೊದಲನೇ ಅಲೆ ಬೇಗ ಬರುತ್ತೆ, ಸಣ್ಣದು. ಎರಡನೇದು ನಿಧಾನ, ಆದ್ರೆ ಜೋರು. ಎರಡರ ನಡುವೆ ಎಷ್ಟು ತಾಳ ಬಿತ್ತು ಅಂತ ಎಣಿಸಿದ್ರೆ, ಭೂಮಿ ಎಷ್ಟು ದೂರದಲ್ಲಿ ನಡುಗ್ತು ಅಂತ ಗೊತ್ತಾಗುತ್ತೆ. ತಪ್ಪಾ?"

ತಪ್ಪಿರಲಿಲ್ಲ. ಅವಳಿಗೆ ಮೈಯೆಲ್ಲ ಉರಿದದ್ದೇ ಅದಕ್ಕೆ.

"ಒಂದು ಮಾತು ಟೀಚರ್... ನಿಮ್ಮ ಯಂತ್ರ ಮಾತ್ರ ಚೆನ್ನಾಗಿ ಕೆಲಸ ಮಾಡುತ್ತೆ."

ಸಾಲಿನಲ್ಲಿದ್ದ ಮಕ್ಕಳು ಕಿಸಕ್ಕನೆ ನಕ್ಕರು. ಅವಳು ತಿರುಗಿ ನೋಡದೆ ದಡದಡ ಹೊರಟುಹೋದಳು.

ಮನೆಗೆ ಬಂದರೂ ಕೋಪ ಇಳಿದಿರಲಿಲ್ಲ. ಒಣಗಿದ ಬಟ್ಟೆ ಮಡಚುತ್ತಾ ಅಮ್ಮ ಕೇಳಿಸಿಕೊಂಡರು.

"ಬಂದಾಗಿನಿಂದ ಅದೇ ಮೇಷ್ಟ್ರ ಕಥೆ ಆಯ್ತಲ್ಲೇ. ನೋಡೋಕೆ ಹೇಗಿದ್ದಾನೆ?"

"ಅಮ್ಮಾ... ನಾನು ಬೈತಾ ಇದ್ದೀನಿ."

"ಬೈಯಿ, ಬೈಯಿ. ಯಾರು ಬೇಡ ಅಂದ್ರು?"

ಮರುದಿನ ಅವನು ಪ್ರಯೋಗಶಾಲೆಯ ಬಾಗಿಲಲ್ಲಿ ಹಾಜರ್. ಈ ಸಲ ಚಪ್ಪಲಿ ಹಾಕಿಕೊಂಡಿದ್ದ.

"ಟೀಚರ್, ಒಂದು ಆಟ ಹೊಳೆದಿದೆ. ನಿಮ್ಮ ಸಹಾಯ ಇಲ್ದೆ ಆಗಲ್ಲ."

ಬೇಡ ಅನ್ನಬೇಕೆಂದುಕೊಂಡಳು. 'ಕೇಳಿದರೆ ಏನು ಗಂಟು ಹೋಗುತ್ತೆ' ಎಂದು ಮನಸ್ಸು ಆಗಲೇ ಕುರ್ಚಿ ಎಳೆದುಕೊಂಡು ಕೂತಿತ್ತು.

ಆಟ ಸುಲಭ. ಮೈದಾನದ ಒಂದು ಜಾಗದಲ್ಲಿ 'ಭೂಕಂಪ' ಆಗುತ್ತದೆ. ಅಲ್ಲಿಂದ, ಕಂಪನ ಅಳೆಯುವ ಮೂರು 'ಠಾಣೆ'ಗಳಿಗೆ ಇಬ್ಬಿಬ್ಬರು ಮಕ್ಕಳು ಒಟ್ಟಿಗೇ ಹೊರಡುತ್ತಾರೆ, ಒಬ್ಬರು ಓಡುತ್ತಾ, ಒಬ್ಬರು ನಡೆಯುತ್ತಾ. ಠಾಣೆಯವರು ಗೋಡೆಗೆ ಮುಖ ಮಾಡಿ ನಿಂತಿರುತ್ತಾರೆ. ಓಡಿ ಬಂದವರು ಬೆನ್ನು ಮುಟ್ಟಿದಾಗ ತಾಳ ಹಾಕಲು ಶುರು, ನಡೆದು ಬಂದವರು ಮುಟ್ಟಿದಾಗ ನಿಲ್ಲಿಸುವುದು. ಹೆಚ್ಚು ತಾಳ ಬಿದ್ದರೆ ಹೆಚ್ಚು ದೂರ. ಆ ದೂರಕ್ಕೆ ತಕ್ಕಂತೆ ಶಾಲೆಯ ನಕ್ಷೆಯಲ್ಲಿ ಮೂರು ವೃತ್ತ ಎಳೆದರೆ, ಮೂರೂ ಕೂಡುವ ಜಾಗವೇ ಭೂಮಿ ನಡುಗಿದ ಜಾಗ.

"ಇದು ಯಾವ ವಿಷಯ ಮಿಸ್, ಸಂಗೀತನಾ ಲೆಕ್ಕನಾ?" ಎಂದಳು ತರಗತಿಯಲ್ಲಿ ಎಲ್ಲರೂ ಪ್ರಶ್ನೆಪುಟ್ಟಿ ಎಂದು ಕರೆಯುವ ಹುಡುಗಿ.

"ಎರಡೂ," ಎಂದರು ಇಬ್ಬರೂ ಒಟ್ಟಿಗೆ. ಆಮೇಲೆ ಇಬ್ಬರೂ ಬೇರೆ ಬೇರೆ ಕಡೆ ನೋಡಿದರು.

ಪಾಲಕರ ದಿನಕ್ಕೆ ಆಟ ತೋರಿಸಬೇಕೆಂದು, ದಿನವೂ ಶಾಲೆ ಬಿಟ್ಟ ಮೇಲೆ ಧ್ವಜಸ್ತಂಭದ ಬುಡವನ್ನೇ ಭೂಕಂಪದ ಜಾಗ ಮಾಡಿಕೊಂಡು ಅಭ್ಯಾಸ. ಮಣ್ಣಿನ ಬೆಟ್ಟ ಮಾಡಿ, ಸೋಡಾ ಪುಡಿಗೆ ವಿನಿಗರ್ ಸುರಿದು ಕೆಂಪು ನೊರೆ ಉಕ್ಕಿಸುವಾಗ ಅವನ ಬಿಳಿ ಅಂಗಿಯೆಲ್ಲ ಹಾಳಾಯಿತು. ಅವನು ಅದೇ ಅಂಗಿಯಲ್ಲಿ ಮಕ್ಕಳಿಗೆ ಹಾಡು ಹೇಳಿಕೊಟ್ಟ. ಅವಳು ಒಬ್ಬಳೇ ಇದ್ದಾಗ ಆ ಹಾಡು ಗುನುಗುತ್ತಿದ್ದಳು. ಅಮ್ಮನಿಗೆ ಕೇಳಿಸಿದರೂ ಕೇಳಿಸದ ಹಾಗೆ ಇದ್ದರು, ಪಾಪ.

ಪಾಲಕರ ದಿನಕ್ಕೆ ಒಂದು ದಿನ ಉಳಿದಿತ್ತು. ಹೆಡ್‌ಮೇಡಂ ಅವಳನ್ನು ಕರೆಸಿದರು.

"ನಾಳೆ ಪಾಲಕರ ಮುಂದೆ ಈ ಆಟ ಗೆದ್ರೆ ವರ್ಷವಿಡೀ ಹೀಗೇ ಪಾಠ ಮಾಡಿ. ಇಲ್ಲಾಂದ್ರೆ ನಾಡಿದ್ದಿನಿಂದ ಪುಸ್ತಕ ಹಿಡಿದು ಮೊದಲಿನ ಹಾಗೆ. ನನಗಂತೂ ಇದು ಉರು ಹೊಡೆಸಿದ ಆಟ ಅನ್ಸುತ್ತೆ. ಮಕ್ಕಳಿಗೆ ಜಾಗ ಮೊದಲೇ ಗೊತ್ತು ಅಂತ ನಿಮ್ಮ ಸಂಗೀತದ ಮೇಷ್ಟ್ರೇ ಒಪ್ಕೊಂಡಿದ್ದಾರೆ."

ಅವಳ ಕಾಲ ಕೆಳಗಿನ ನೆಲವೇ ಕುಸಿದಂತಾಯಿತು. ಅವನೇ? ಅವನೇ ಹೋಗಿ ಹೇಳಿದನೇ?

ಕಾರಿಡಾರಿನಲ್ಲಿ ಅವನು ಸಿಕ್ಕಿದ.

"ಹೆಡ್‌ಮೇಡಂ ಹತ್ರ ಹೇಳಿದ್ದು ನಿಜನಾ?"

"ನಿಜ. ಆದ್ರೆ ಟೀಚರ್..."

"ಸಾಕು. ನಾಳೆ ನೀವು ನನ್ನ ಕಣ್ಣಿಗೆ ಬೀಳಬೇಡಿ. ಧ್ವಜಸ್ತಂಭದ ಹತ್ರ ಮಕ್ಕಳನ್ನ ಕಳಿಸೋಕೆ ಬೇರೆ ಯಾರನ್ನಾದ್ರೂ ನಿಲ್ಲಿಸ್ತೀನಿ."

ಅವನ ಬಾಯಿಯವರೆಗೂ ಮಾತೊಂದು ಬಂದಿತ್ತು. ಹೇಳುವಂತಿಲ್ಲದ ಮಾತು ಅದು, ಅವಳಿಗೇನು ಗೊತ್ತು?

"ಮಕ್ಕಳ ಲೆಕ್ಕ ನಂಬಿ ಟೀಚರ್," ಎಂದಷ್ಟೇ ಹೇಳಿ ಹೋದ.

'ನಂಬಿ ಕೆಟ್ಟಿದ್ದು ಸಾಲದೇ' ಎಂದುಕೊಂಡಳು. ಅಳು ಉಕ್ಕಿ ಬಂತು. ಪ್ರಯೋಗಶಾಲೆಯ ಬಾಗಿಲು ಹಾಕಿಕೊಂಡು, ಯಾರೂ ನೋಡದ ಹಾಗೆ ಅತ್ತಳು.

ಪಾಲಕರ ದಿನ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಮ್ಮನೂ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ಗೋಡೆಯ ಮೇಲೆ ಶಾಲೆಯ ದೊಡ್ಡ ನಕ್ಷೆ, ಅದರ ಪಕ್ಕ ಟೀಚರ್, ಪ್ರಶ್ನೆಪುಟ್ಟಿ ಮತ್ತು ದಾರ ಕಟ್ಟಿದ ಪೆನ್ಸಿಲ್. ಬೇರೊಬ್ಬರನ್ನು ನಿಲ್ಲಿಸಲು ಹೋದರೆ, "ಅದನ್ನ ನಾನು ನೋಡ್ಕೊಂಡಿದ್ದೀನಿ" ಎಂದಿದ್ದರು ಹೆಡ್‌ಮೇಡಂ. ಸಂಗೀತದ ಮೇಷ್ಟ್ರು ಎಲ್ಲೂ ಕಾಣಲಿಲ್ಲ.

ಬಾರದಿದ್ದರೆ ಒಳ್ಳೆಯದೇ ಆಯಿತು ಅಂದುಕೊಂಡಳು. ಆದರೂ ಕಣ್ಣು ಬಾಗಿಲ ಕಡೆಗೇ ಹೋಗುತ್ತಿತ್ತು.

ಗಂಟೆ ಹೊಡೆಯಿತು. ಹೊರಗೆ ಓಡುವ ಸದ್ದು, ಆಮೇಲೆ ತಾಳದ ಸದ್ದು. ಮೂರು ಠಾಣೆಗಳಿಂದ ಮೂವರು ಮಕ್ಕಳು ಏದುಸಿರು ಬಿಡುತ್ತಾ ಲೆಕ್ಕ ತಂದರು. ಪ್ರಶ್ನೆಪುಟ್ಟಿ ದಾರ ಅಳೆದು ಒಂದು ವೃತ್ತ ಎಳೆದಳು. ಎರಡನೆಯದು ಎಳೆದಳು.

ಟೀಚರ್ ನಕ್ಷೆಯತ್ತ ಬಾಗಿ ನೋಡಿದಳು. ವೃತ್ತಗಳು ಧ್ವಜಸ್ತಂಭದ ಹತ್ತಿರಕ್ಕೂ ಸುಳಿಯುತ್ತಿಲ್ಲ...

ಮೂರನೆಯದನ್ನು ಎಳೆಯುವ ಮುಂಚೆ ಟೀಚರ್ ಕೈ ದಾರದ ಮೇಲೆ ಬಂತು. ಇದನ್ನು ಧ್ವಜಸ್ತಂಭದ ಮೇಲೆ ಹಾಯುವಂತೆ ಎಳೆದು, ಉಳಿದೆರಡನ್ನೂ 'ಎಣಿಕೆ ಕೊಂಚ ತಪ್ಪಿದೆ' ಎಂದು ನಕ್ಕು ತಿದ್ದಿದರೆ ಯಾರಿಗೂ ತಿಳಿಯದು. ಎದುರಿಗೆ ಹೆಡ್‌ಮೇಡಂ ಕಣ್ಣು ಮಿಟುಕಿಸದೆ ನೋಡುತ್ತಿದ್ದರು.

"ಮಿಸ್, ಲೆಕ್ಕ ಸರಿ ಇದೆ," ಎಂದಳು ಪ್ರಶ್ನೆಪುಟ್ಟಿ, ಅವಳಿಗಷ್ಟೇ ಕೇಳುವ ಹಾಗೆ.

ಮಕ್ಕಳ ಲೆಕ್ಕ ನಂಬಿ ಟೀಚರ್...

ಅವಳು ಕೈ ತೆಗೆದಳು. ಮೂರನೆಯ ವೃತ್ತ ಬಂದು ಉಳಿದೆರಡನ್ನೂ ಒಂದೇ ಕಡೆ ಮುಟ್ಟಿತು.

"ಇಲ್ಲಿ," ಎಂದಳು ಟೀಚರ್ ಗಟ್ಟಿಯಾಗಿ. "ನಾವು ಅಭ್ಯಾಸ ಮಾಡಿದ್ದು ಧ್ವಜಸ್ತಂಭದ ಹತ್ರ. ಆದ್ರೆ ಮಕ್ಕಳ ಲೆಕ್ಕ ಹೇಳ್ತಿರೋದು ಇಲ್ಲಿ, ಕೈ ತೊಳೆಯೋ ನಲ್ಲಿಗಳ ಹತ್ರ. ನಾನು ಅವರ ಮಾತನ್ನೇ ನಂಬ್ತೀನಿ. ಬನ್ನಿ, ನೋಡೋಣ."

ಅವಳೇ ಮುಂದೆ ನಡೆದಳು. ಹಿಂದೆ ಇಡೀ ಸಭಾಂಗಣ ಹೊರಟಿತು.

ನಲ್ಲಿಗಳ ಕಟ್ಟೆಯ ಮೇಲೆ, ಡ್ರಮ್ ಕೋಲು ಹಿಡಿದು ಅವನು ಕೂತಿದ್ದ.

ಮಕ್ಕಳು ಹಾಕಿದ ಕೇಕೆಗೆ ಪ್ರಯೋಗಶಾಲೆಯ ಪೆನ್ನು ಇನ್ನೊಮ್ಮೆ ಹೊಯ್ದಾಡಿದ್ದರೂ ಆಶ್ಚರ್ಯವಿಲ್ಲ. ಪಾಲಕರು ಚಪ್ಪಾಳೆ ತಟ್ಟಿದರು. ಪ್ರಶ್ನೆಪುಟ್ಟಿಯನ್ನು ಅವಳಪ್ಪ ಹೆಗಲ ಮೇಲೆ ಎತ್ತಿಕೊಂಡರು.

"ಗೆದ್ದಿದ್ದೀರಿ," ಎಂದರು ಹೆಡ್‌ಮೇಡಂ. "ಒಂದೇ ಜಾಗದಲ್ಲಿ ಆಡಿ ಆಡಿ ಮಕ್ಕಳಿಗೆ ಬಾಯಿಪಾಠ ಆಗಿದೆ, ಯಾರಿಗೂ ಗೊತ್ತಿಲ್ಲದ ಕಡೆ ನಿಲ್ತೀನಿ, ಆಗ ನೋಡಿ ಅಂತ ಇವರೇ ಕೇಳಿದ್ದು. ನಿಮಗೂ ಹೇಳಬಾರದು ಅಂತ ಷರತ್ತು ಹಾಕಿದ್ದು ನಾನು. ವರ್ಷವಿಡೀ ಹೀಗೇ ಪಾಠ ಮಾಡಿಯಮ್ಮ. ನಾನೂ ಬಂದು ಕೂತ್ಕೋತೀನಿ."

ಗುಂಪು ಮಕ್ಕಳನ್ನು ಹೊತ್ತು ಕುಣಿಯುತ್ತಾ ಮೈದಾನಕ್ಕೆ ಸರಿಯಿತು. ಅಮ್ಮ ಹೋಗುತ್ತಾ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಮಗಳಿಗೆ ತಲೆಯಾಡಿಸಿ ಹೋದರು. ಪಾಸು ಎಂದರ್ಥ.

"ನಾನು ನಿಮ್ಮನ್ನ ನಂಬಲಿಲ್ಲ," ಎಂದಳು. ಕಣ್ಣು ತುಂಬಿತ್ತು.

"ಮಕ್ಕಳನ್ನ ನಂಬಿದ್ರಲ್ಲ."

"ಇಷ್ಟು ದೊಡ್ಡ ಶಾಲೆ... ಇಲ್ಲೇ ಯಾಕೆ ಕೂತ್ರಿ?"

"ನೀವು ನನ್ನನ್ನ ಮೊದಲ ಸಲ ಬೈದಿದ್ದು ಇಲ್ಲೇ ಅಲ್ವಾ? ಮೊದಲನೇ ಅಲೆ ನನಗೆ ಅವತ್ತೇ ತಾಗ್ತು ಟೀಚರ್. ಆವತ್ತಿಂದ ತಾಳ ಹಾಕ್ತಾ ಕೂತಿದ್ದೀನಿ, ನಿಮ್ಮ ಕಡೆಯಿಂದ ಎರಡನೇದು ಬರುತ್ತಾ ಅಂತ."

ಅವಳು ಅವನ ಕೈಯಿಂದ ಡ್ರಮ್ ಕೋಲುಗಳನ್ನು ತೆಗೆದು ಕಟ್ಟೆಯ ಮೇಲಿಟ್ಟಳು. ಖಾಲಿಯಾದ ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡಳು.

"ಇನ್ನು ಎಣಿಸಬೇಡಿ," ಎಂದಳು. "ಬಂದಿದ್ದೀನಿ."